ಹೊಸ ಕಂಪ್ಯೂಟರಿಗೆ ಹಳೆ ವಿಂಡೋಸ್ ಲೈಸೆನ್ಸ್: ಯಾವುದನ್ನು ಒಯ್ಯಬಹುದು, ಯಾವುದನ್ನು ಬಿಡಬೇಕು, ಯಾವಾಗ ಹೊಸದು ಕೊಳ್ಳಬೇಕು

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್ ಇರುವ ಬಹುಪಾಲು ಯಂತ್ರಗಳು ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಮನೆಯಲ್ಲೂ ಸಣ್ಣ ಆಫೀಸುಗಳಲ್ಲೂ ಹೊಸ ಕಂಪ್ಯೂಟರ್ ತರುವ ಮಾತು ನಡೆದಿದೆ, ಜೊತೆಗೇ ಒಂದು ಪ್ರಶ್ನೆಯೂ ಏಳುತ್ತದೆ: ಹಳೇದರಲ್ಲಿ ದುಡ್ಡು ಕೊಟ್ಟ ಒರಿಜಿನಲ್ ವಿಂಡೋಸ್ ಇದೆಯಲ್ಲ, ಅದನ್ನೇ ಹೊಸದಕ್ಕೆ ಹಾಕಿಕೊಳ್ಳಬಹುದಾ?

ಇದಕ್ಕೆ ಉತ್ತರ ಅಂಗಡಿಯವರ ಹತ್ತಿರ ಇಲ್ಲ, ಹಳೆ ಕಂಪ್ಯೂಟರಿನ ಒಳಗೇ ಇದೆ. ಅದನ್ನು ನೋಡಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಕೆಲಸವನ್ನು ಹೊಸ ಯಂತ್ರಕ್ಕೆ ದುಡ್ಡು ಕಟ್ಟುವ ಮೊದಲು ಮಾಡಬೇಕು, ಆಮೇಲೆ ಅಲ್ಲ. ವಿಂಡೋಸ್ ಸಮೇತ ಬರುವ ಲ್ಯಾಪ್‌ಟಾಪ್ ಕೊಳ್ಳಬೇಕೋ, ವಿಂಡೋಸ್ ಇಲ್ಲದೆ ಬರುವ ‘ಡಾಸ್’ ಲ್ಯಾಪ್‌ಟಾಪ್ ಸಾಕೋ, ಅಸೆಂಬಲ್ ಮಾಡಿಸುವಾಗ ಯಾವ ಪ್ಯಾಕ್ ತೆಗೆದುಕೊಳ್ಳಬೇಕು ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಹಳೇದರಲ್ಲಿ ಇರುವುದು ಯಾವ ಲೈಸೆನ್ಸ್?

ವಿಂಡೋಸ್ ಗುಂಡಿ ಒತ್ತಿ ಹಿಡಿದು ಆರ್ ಒತ್ತಿ. ತೆರೆದ ಪೆಟ್ಟಿಗೆಯಲ್ಲಿ ಎಸ್‌ಎಲ್‌ಎಂಜಿಆರ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿದಂತೆ ಡಿಎಲ್‌ಐ ಸೇರಿಸಿ ಎಂಟರ್ ಕೊಡಿ. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. ಸ್ಲ್ಯಾಶ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯ ಗುಂಡಿಯಲ್ಲಿರುವುದು, ಎಂಟರ್ ಹತ್ತಿರದ ಬ್ಯಾಕ್‌ಸ್ಲ್ಯಾಶ್ ಅಲ್ಲ. ಕೆಲವು ಸೆಕೆಂಡಿಗೆ ಒಂದು ಚಿಕ್ಕ ಬಾಕ್ಸ್ ಬರುತ್ತದೆ. ಮೊದಲ ಸಾಲಿನಲ್ಲಿ ಆವೃತ್ತಿಯ ಹೆಸರು, ಎರಡನೆಯದರಲ್ಲಿ ಚಾನೆಲ್ (ಲೈಸೆನ್ಸ್ ಮಾರಾಟವಾದ ದಾರಿ), ಮೂರನೆಯದರಲ್ಲಿ ಕೀಯ (ಲೈಸೆನ್ಸಿನ 25 ಅಕ್ಷರದ ಸಂಕೇತ) ಕೊನೆಯ ಐದು ಅಕ್ಷರ, ನಾಲ್ಕನೆಯದರಲ್ಲಿ ಲೈಸೆನ್ಸ್ ಆಗಿದೆಯೋ ಇಲ್ಲವೋ ಎನ್ನುವುದು. ಮೊಬೈಲಿನಲ್ಲಿ ಆ ಬಾಕ್ಸಿನ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಇಎಂ ಎಂದರೆ ಯಂತ್ರ ತಯಾರಕರು. ಚಾನೆಲ್ ಸಾಲಿನಲ್ಲಿ ಒಇಎಂ ಡಿಎಂ ಎಂದಿದ್ದರೆ ಅದು ಲ್ಯಾಪ್‌ಟಾಪ್ ಅಥವಾ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಜೊತೆ ಕಂಪನಿಯಿಂದಲೇ ಬಂದ ವಿಂಡೋಸ್. ಅದರ ಕೀ ಮದರ್‌ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಶುರು ಮಾಡುವ ಮೂಲ ಪ್ರೋಗ್ರಾಂ) ಚಿಪ್ಪಿನಲ್ಲಿ ಕೂತಿರುತ್ತದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಈ ಪದ್ಧತಿ ಇದೆ. ಲ್ಯಾಪ್‌ಟಾಪಿನ ಅಡಿಯಲ್ಲಿ 25 ಅಕ್ಷರದ ಕೀ ಇದ್ದ ಸ್ಟಿಕ್ಕರ್ ಹೋಗಿ ಬರೀ ವಿಂಡೋಸ್ ಚಿತ್ರದ ಸ್ಟಿಕ್ಕರ್ ಉಳಿದದ್ದು ಅದಕ್ಕೇ. ಈ ಲೈಸೆನ್ಸ್ ಆ ಯಂತ್ರದ ಜೊತೆ ಹುಟ್ಟಿದ್ದು, ಅದರ ಜೊತೆಗೇ ಮುಗಿಯುತ್ತದೆ. ಲ್ಯಾಪ್‌ಟಾಪನ್ನು ಬೇರೆಯವರಿಗೆ ಮಾರಿದರೆ ಅದೂ ಜೊತೆಗೆ ಹೋಗುತ್ತದೆ. ಲ್ಯಾಪ್‌ಟಾಪ್ ಕೊಟ್ಟು ವಿಂಡೋಸನ್ನು ಮಾತ್ರ ಇಟ್ಟುಕೊಳ್ಳಲು ಬರುವುದಿಲ್ಲ.

ಒಇಎಂ ಸಿಒಎ ಎಂದು ತೋರಿಸಿದರೆ ಅದು ಅಸೆಂಬಲ್ ಮಾಡುವವರಿಗೆಂದು ಮಾರುವ ಪ್ಯಾಕ್: ಲಕೋಟೆಯಲ್ಲಿ ಒಂದು ಡಿವಿಡಿ, ಕ್ಯಾಬಿನೆಟ್ಟಿಗೆ ಅಂಟಿಸಲು ಒಂದು ಸ್ಟಿಕ್ಕರ್. ಪ್ರತ್ಯೇಕವಾಗಿ ದುಡ್ಡು ಕೊಟ್ಟು ತಂದದ್ದರಿಂದ ‘ಇದು ನಂದು, ಎಲ್ಲಿ ಬೇಕಾದರೂ ಹಾಕಬಹುದು’ ಎಂದುಕೊಳ್ಳುವುದು ಸಹಜ. ಆದರೆ ಇದೂ ಮೊದಲು ಹಾಕಿದ ಯಂತ್ರಕ್ಕೇ ಕಟ್ಟಿಬಿದ್ದ ಲೈಸೆನ್ಸ್. ಯಂತ್ರ ಎಂದರೆ ಇಲ್ಲಿ ಮದರ್‌ಬೋರ್ಡ್ ಎಂದೇ ಲೆಕ್ಕ. ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಯಾವುದನ್ನು ಬದಲಿಸಿದರೂ ಅದೇ ಯಂತ್ರ. ಕೆಟ್ಟ ಬೋರ್ಡಿನ ಬದಲು ಬೇರೆ ಬೋರ್ಡ್ ಹಾಕಿಸಿದರೂ ಲೈಸೆನ್ಸ್ ಉಳಿಯುತ್ತದೆ. ಇನ್ನಷ್ಟು ವೇಗ ಬೇಕೆಂದು ಬೋರ್ಡ್ ಬದಲಿಸಿದರೆ ಮಾತ್ರ ಅದು ಹೊಸ ಕಂಪ್ಯೂಟರ್.

ರೀಟೇಲ್ ಎಂದಿದ್ದರೆ ಅದು ಒಯ್ಯಬಹುದಾದ ಲೈಸೆನ್ಸ್. ನಿಮ್ಮದೇ ಇನ್ನೊಂದು ಕಂಪ್ಯೂಟರಿಗೆ ಒಯ್ಯಬಹುದು, ಇಷ್ಟೇ ಸಲ ಎಂಬ ಮಿತಿ ಕರಾರಿನಲ್ಲಿಲ್ಲ. ಒಂದು ಹೊತ್ತಿಗೆ ಒಂದೇ ಯಂತ್ರದಲ್ಲಿ ಇರಬೇಕು, ಒಯ್ಯುವಾಗ ಹಳೆಯದರಿಂದ ತೆಗೆಯಬೇಕು ಎಂಬ ಷರತ್ತು ಮಾತ್ರ ಇದೆ. ವಾಲ್ಯೂಮ್ ಎಂದಿದ್ದರೆ ಅದು ಹಲವು ಯಂತ್ರಗಳಿಗೆಂದು ಸಂಸ್ಥೆ ಕೊಂಡದ್ದು, ನಿಮ್ಮದಲ್ಲ.

ಕರಾರನ್ನು ಕಣ್ಣಾರೆ ನೋಡಬೇಕೆಂದರೆ ಅದೇ ರನ್ ಪೆಟ್ಟಿಗೆಯಲ್ಲಿ ವಿನ್‌ವರ್ (ಡಬ್ಲ್ಯುಐಎನ್‌ವಿಇಆರ್) ಎಂದು ಟೈಪ್ ಮಾಡಿ. ಬರುವ ಕಿಟಕಿಯ ಕೆಳಗೆ ಲೈಸೆನ್ಸ್ ಟರ್ಮ್ಸ್ ಕೊಂಡಿ ಇರುತ್ತದೆ. ವಿಂಡೋಸ್ 10ರ ಕರಾರಿನಲ್ಲಿ ವರ್ಗಾವಣೆಯ ವಿಷಯ ಇರುವುದು 4ನೇ ಕಲಮಿನಲ್ಲಿ. ಯಂತ್ರದ ಜೊತೆ ಬಂದದ್ದಕ್ಕೆ ಒಂದು ನಿಯಮ, ಬಿಡಿಯಾಗಿ ಕೊಂಡದ್ದಕ್ಕೆ ಇನ್ನೊಂದು. ಅದೇ ಕಲಮಿನಲ್ಲಿ ಜರ್ಮನಿಯಂಥ ಕೆಲವು ದೇಶಗಳಲ್ಲಿ ಕೊಂಡ ಪ್ರತಿಗಳಿಗೆ ಈ ನಿಯಮ ಅನ್ವಯಿಸದು, ಅಲ್ಲಿನ ಕಾನೂನೇ ಅಂತಿಮ ಎಂದೂ ಇದೆ. ಅಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಗಮನಿಸಬೇಕು.

ರೀಟೇಲ್ ಎಂದು ತೋರಿಸಿದ ಮಾತ್ರಕ್ಕೆ ರೀಟೇಲ್ ಅಲ್ಲ

ತಿಳಿದವರೂ ಎಡವುವ ಜಾಗ ಇದು. 2015ರ ಜುಲೈ 29ರಿಂದ ಒಂದು ವರ್ಷ ಮೈಕ್ರೋಸಾಫ್ಟ್ ವಿಂಡೋಸ್ 7 ಮತ್ತು 8.1 ಇದ್ದವರಿಗೆ ವಿಂಡೋಸ್ 10 ಉಚಿತವಾಗಿ ಕೊಟ್ಟಿತು. ಹಾಗೆ ಮೇಲೇರಿದ ಯಂತ್ರಗಳಿಗೆ ಸ್ವಂತ ಕೀ ಸಿಗಲಿಲ್ಲ. ಮದರ್‌ಬೋರ್ಡಿನ ಗುರುತನ್ನು ಮೈಕ್ರೋಸಾಫ್ಟ್ ತನ್ನ ಸರ್ವರಿನಲ್ಲಿ ಬರೆದುಕೊಂಡಿತು. ಅದಕ್ಕೆ ಡಿಜಿಟಲ್ ಲೈಸೆನ್ಸ್ ಎಂದು ಹೆಸರು. ಯಂತ್ರದಲ್ಲಿ ಜಾಗ ತುಂಬಲು ಎಲ್ಲರಿಗೂ ಒಂದೇ ಸಾಮಾನ್ಯ ಕೀ ಹಾಕಲಾಯಿತು, ಆ ಸಾಮಾನ್ಯ ಕೀಯ ಚಾನೆಲ್ ರೀಟೇಲ್. ಹೀಗಾಗಿ ಒಇಎಂ ವಿಂಡೋಸ್ 7 ಜೊತೆ ಬಂದ ಹಳೆ ಲ್ಯಾಪ್‌ಟಾಪ್ ಕೂಡ ಇವತ್ತು ಆ ಬಾಕ್ಸಿನಲ್ಲಿ ರೀಟೇಲ್ ಎಂದು ತೋರಿಸುತ್ತದೆ.

ಆದ್ದರಿಂದ ಕೊನೆಯ ಐದು ಅಕ್ಷರ ನೋಡಿ. ಪ್ರೊ ಆವೃತ್ತಿಯಲ್ಲಿ 3ವಿ66ಟಿ, ಹೋಮ್‌ನಲ್ಲಿ 8ಎಚ್‌ವಿಎಕ್ಸ್7, ಹೋಮ್ ಸಿಂಗಲ್ ಲ್ಯಾಂಗ್ವೇಜ್‌ನಲ್ಲಿ 6ಎಫ್4ಬಿಟಿ ಎಂದಿದ್ದರೆ ಅದು ಊರಿಗೆಲ್ಲ ಒಂದೇ ಆದ ಸಾಮಾನ್ಯ ಕೀ. ಕೀ ಹುಡುಕಿಕೊಡುವ ಸಾಫ್ಟ್‌ವೇರುಗಳು ಇದನ್ನೇ 25 ಅಕ್ಷರದಲ್ಲಿ ತೋರಿಸುತ್ತವೆ. ಅದನ್ನು ಬರೆದುಕೊಂಡು ಹೊಸ ಯಂತ್ರಕ್ಕೆ ಹಾಕಿದರೆ ಇನ್‌ಸ್ಟಾಲ್ ಆಗುತ್ತದೆ, ಆಕ್ಟಿವೇಟ್ ಆಗುವುದಿಲ್ಲ, ಅಂದರೆ ಲೈಸೆನ್ಸನ್ನು ಮೈಕ್ರೋಸಾಫ್ಟ್ ಒಪ್ಪುವುದಿಲ್ಲ. ಇಂಥ ಸಂದರ್ಭದಲ್ಲಿ ಲೈಸೆನ್ಸ್ ಮೂಲತಃ ಎಲ್ಲಿಂದ ಬಂತು ಎನ್ನುವುದೇ ಮುಖ್ಯ. ಮೂಲ ವಿಂಡೋಸ್ 7 ಅನ್ನು ರೀಟೇಲ್ ಡಬ್ಬಿಯಲ್ಲಿ ತಂದಿದ್ದರೆ ಕರಾರಿನ ಪ್ರಕಾರ ಒಯ್ಯುವ ಹಕ್ಕು ಉಳಿದಿದೆ. ಲ್ಯಾಪ್‌ಟಾಪ್ ಜೊತೆ ಬಂದಿದ್ದರೆ ಇಲ್ಲ. ಸ್ಟೋರಿನಲ್ಲಿ ಆನ್‌ಲೈನ್ ಕೊಂಡಿದ್ದರೆ ಮೈಕ್ರೋಸಾಫ್ಟ್ ಅಕೌಂಟಿನ ಆರ್ಡರ್ ಹಿಸ್ಟರಿಯಲ್ಲಿ ದಾಖಲೆ ಇರುತ್ತದೆ.

ವಿಂಡೋಸ್ 7 ಅಥವಾ 8ರ ಹಳೆ ಡಬ್ಬಿ ಬೀರುವಿನಲ್ಲಿ ಇದೆ, ಅದರ ಕೀಯನ್ನೇ ಹೊಸ ಯಂತ್ರದ ವಿಂಡೋಸ್ 11ಕ್ಕೆ ಹಾಕೋಣ ಎನ್ನುವ ದಾರಿ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಉಚಿತ ಅವಧಿ 2016ರಲ್ಲೇ ಮುಗಿದಿದ್ದರೂ ಏಳು ವರ್ಷ ಆ ಕೀಗಳು ನಡೆಯುತ್ತಿದ್ದವು. ಈಗ ನಡೆಯುವುದಿಲ್ಲ. ಅದೇ ವಿಂಡೋಸ್ 10ರ ರೀಟೇಲ್ ಕೀ ವಿಂಡೋಸ್ 11ಕ್ಕೆ ಹಾಗೆಯೇ ನಡೆಯುತ್ತದೆ, ಆವೃತ್ತಿ ಹೊಂದಿದರೆ ಸಾಕು: ಹೋಮ್ ಕೀ ಹೋಮ್‌ಗೆ, ಪ್ರೊ ಕೀ ಪ್ರೊಗೆ.

ಹೊಸ ಯಂತ್ರಕ್ಕೆ ಯಾವುದು ಲೆಕ್ಕಕ್ಕೆ ಬರುತ್ತದೆ

ಹಳೇದು ಒಇಎಂ ಎಂದು ಗೊತ್ತಾಯಿತು, ಹೊಸದಾಗಿ ಲ್ಯಾಪ್‌ಟಾಪ್ ಬೇಕು ಎಂದಾದರೆ ಯೋಚಿಸುವುದೇ ಬೇಡ: ವಿಂಡೋಸ್ ಸಮೇತ ಬರುವುದನ್ನೇ ಕೊಳ್ಳಿ. ತಯಾರಕರು ಸಾವಿರಗಟ್ಟಲೆ ಯಂತ್ರಕ್ಕೆ ಒಟ್ಟಿಗೆ ಲೈಸೆನ್ಸ್ ಪಡೆಯುವುದರಿಂದ ಡಾಸ್ ಮಾದರಿಗೂ ವಿಂಡೋಸ್ ಮಾದರಿಗೂ ಇರುವ ಬೆಲೆಯ ಅಂತರ ಸಾಮಾನ್ಯವಾಗಿ ಬಿಡಿ ರೀಟೇಲ್ ಪ್ಯಾಕಿನ ಬೆಲೆಗಿಂತ ಕಡಿಮೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಡಾಸ್ ಲ್ಯಾಪ್‌ಟಾಪ್ ತಂದು ಆಮೇಲೆ ವಿಂಡೋಸ್ ಬಿಡಿಯಾಗಿ ಕೊಂಡರೆ ಒಟ್ಟು ಖರ್ಚು ಹೆಚ್ಚೇ ಆಗುತ್ತದೆ. ಡಾಸ್ ಲ್ಯಾಪ್‌ಟಾಪ್ ಒಳ್ಳೆಯ ಆಯ್ಕೆ ಎನಿಸುವುದು ಎರಡೇ ಸಂದರ್ಭದಲ್ಲಿ. ಕೈಯಲ್ಲಿ ಒಯ್ಯಬಲ್ಲ ರೀಟೇಲ್ ಲೈಸೆನ್ಸ್ ಇರಬೇಕು, ಇಲ್ಲವೇ ಲಿನಕ್ಸ್ ಹಾಕುವುದು ಖಚಿತವಿರಬೇಕು.

ಆ ದಾರಿ ಹಿಡಿದರೆ ಒಂದು ತೊಡಕಿಗೆ ಸಿದ್ಧರಾಗಿ. 11ನೇ ತಲೆಮಾರಿನಿಂದ ಈಚಿನ ಹಲವು ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡಲು ಹೋದರೆ ‘ಡ್ರೈವ್ ಇಲ್ಲ’ ಎನ್ನುತ್ತದೆ. ಎಸ್‌ಎಸ್‌ಡಿ ಕೆಟ್ಟಿರುವುದಿಲ್ಲ. ಬಯೋಸಿನಲ್ಲಿ ಎಸ್‌ಎಸ್‌ಡಿಯನ್ನು ನಿರ್ವಹಿಸುವ ಇಂಟೆಲ್‌ನ ವಿಎಂಡಿ ಸೌಲಭ್ಯ ಆನ್ ಆಗಿರುತ್ತದೆ, ಅದರ ಡ್ರೈವರ್ ವಿಂಡೋಸ್ ಪೆನ್‌ಡ್ರೈವಿನಲ್ಲಿ ಇರುವುದಿಲ್ಲ. ತಯಾರಕರ ಸೈಟಿನಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿನಲ್ಲಿ ಹಾಕಿಟ್ಟು, ಡಿಸ್ಕ್ ಆರಿಸುವ ಪರದೆಯಲ್ಲಿ ಲೋಡ್ ಡ್ರೈವರ್ ಒತ್ತಿ ತೋರಿಸಬೇಕು. ವೈಫೈ ಡ್ರೈವರನ್ನೂ ಪಕ್ಕದಲ್ಲೇ ಇಡಿ. ಇನ್‌ಸ್ಟಾಲ್ ಮುಗಿಯುವ ಹೊತ್ತಿಗೆ ವಿಂಡೋಸ್ 11 ಹೋಮ್ ಇಂಟರ್ನೆಟ್ ಕೇಳುತ್ತದೆ. ಪೆನ್‌ಡ್ರೈವ್ 8 ಜಿಬಿ ಇದ್ದರೆ ಸಾಕು.

ಅಸೆಂಬಲ್ ಮಾಡಿಸುವವರ ಲೆಕ್ಕ ಬೇರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೊಂದೇ ಭಾಗ ಆರಿಸಿ ಡೆಸ್ಕ್‌ಟಾಪ್ ಕಟ್ಟಿಸುವವರು ಮೂರ್ನಾಲ್ಕು ವರ್ಷಕ್ಕೆ ಪ್ರೊಸೆಸರ್ ಬದಲಿಸುತ್ತಾರೆ, ಪ್ರೊಸೆಸರಿನ ಸಾಕೆಟ್ ಬದಲಾದರೆ ಬೋರ್ಡೂ ಬದಲಾಗುತ್ತದೆ. ಅಲ್ಲಿಗೆ ಒಇಎಂ ಪ್ಯಾಕಿನ ಆಯುಸ್ಸು ಮುಗಿಯಿತು. ಒಂದೇ ಒಂದು ಸಲ ಬೋರ್ಡ್ ಬದಲಿಸುವ ಯೋಚನೆ ಇದ್ದರೂ ರೀಟೇಲ್ ಕೊಳ್ಳಿ. ಒಇಎಂ ಪ್ಯಾಕಿನಲ್ಲಿ ಉಳಿಸಿದ ದುಡ್ಡು ಎರಡನೇ ಬೋರ್ಡಿನ ದಿನವೇ ಕೈಬಿಡುತ್ತದೆ. ಅಂಗಡಿಯ ಬಿಲ್ಲಿಂಗ್ ಕೆಲಸಕ್ಕಷ್ಟೇ ಇಟ್ಟ, ಕೆಡುವವರೆಗೂ ಮುಟ್ಟದ ಕಂಪ್ಯೂಟರಾದರೆ ಒಇಎಂ ಪ್ಯಾಕೇ ಸಾಕು, ರೀಟೇಲ್‌ಗೆ ಹೆಚ್ಚಿಗೆ ಕೊಡುವ ಅಗತ್ಯವಿಲ್ಲ. ಯಾವುದನ್ನೇ ತಂದರೂ ಬಿಲ್ಲಿನಲ್ಲಿ ‘ರೀಟೇಲ್’ ಅಥವಾ ‘ಒಇಎಂ’ ಎಂದು ಬರೆಸಿಕೊಳ್ಳಿ. ಬರೀ ‘ವಿಂಡೋಸ್ 11 ಪ್ರೊ’ ಎಂದಿದ್ದರೆ ಮುಂದೆ ವಾದಕ್ಕೆ ಆಧಾರವಿರುವುದಿಲ್ಲ.

ರೀಟೇಲ್ ಪ್ರೊ ಲೈಸೆನ್ಸ್ ಕೈಯಲ್ಲಿದ್ದೂ ಹೊಸ ಲ್ಯಾಪ್‌ಟಾಪ್ ಹೋಮ್ ಸಮೇತ ಬಂದರೆ? ಪ್ರೊ ನಿಜಕ್ಕೂ ಬೇಕಾ ಎಂದು ಮೊದಲು ಕೇಳಿಕೊಳ್ಳಿ. ಹೊರಗಿನಿಂದ ಈ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್ ಮಾಡುವುದು, ಆಫೀಸಿನ ಡೊಮೇನಿಗೆ ಸೇರಿಸುವುದು, ಒಂದು ಯಂತ್ರದೊಳಗೆ ಇನ್ನೊಂದನ್ನು ನಡೆಸುವ ಹೈಪರ್-ವಿ, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರನ್ನು ಬೇಕಾದಂತೆ ನಿರ್ವಹಿಸುವುದು ಇವು ಪ್ರೊದಲ್ಲಿ ಮಾತ್ರ ಇವೆ. ಇವುಗಳಲ್ಲಿ ಒಂದೂ ಬೇಡವಾದರೆ ಲ್ಯಾಪ್‌ಟಾಪನ್ನು ಹೋಮ್‌ನಲ್ಲೇ ಬಿಟ್ಟು, ರೀಟೇಲ್ ಲೈಸೆನ್ಸನ್ನು ಬೋರ್ಡ್ ಬದಲಾಗುವ ಡೆಸ್ಕ್‌ಟಾಪಿಗೆ ಉಳಿಸಿಕೊಳ್ಳುವುದು ಜಾಣತನ.

ನಮ್ಮ ದೇಶದಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಇರುವುದು ಬರೀ ಹೋಮ್ ಅಲ್ಲ, ಹೋಮ್ ಸಿಂಗಲ್ ಲ್ಯಾಂಗ್ವೇಜ್. ಹೆಸರೇ ಹೇಳುವಂತೆ ಅದರಲ್ಲಿ ಪರದೆಯ ಭಾಷೆ ಒಂದೇ. ಮೆನು, ಸೆಟ್ಟಿಂಗ್ಸ್ ಎಲ್ಲ ಕನ್ನಡದಲ್ಲಿ ಬೇಕೆನ್ನುವವರಿಗೆ ಇದು ನೇರವಾಗಿ ತಾಗುವ ವಿಷಯ. ಭಾಷೆ ಸೇರಿಸಲು ಹೋದರೆ ನಿಮ್ಮ ಲೈಸೆನ್ಸಿಗೆ ಒಂದೇ ಭಾಷೆ ಎಂಬ ಸಂದೇಶ ಬರುತ್ತದೆ. ಕನ್ನಡ ಟೈಪ್ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಕೀಬೋರ್ಡನ್ನು ಯಾವ ಆವೃತ್ತಿಯಲ್ಲೂ ಸೇರಿಸಿಕೊಳ್ಳಬಹುದು. ಪರದೆಯೇ ಕನ್ನಡವಾಗಬೇಕೆಂದರೆ ಪ್ರೊಗೆ ಏರುವುದು ನೇರ ದಾರಿ, ರೀಟೇಲ್ ಪ್ರೊ ಕೀಯನ್ನು ಲ್ಯಾಪ್‌ಟಾಪಿಗೆ ಒಯ್ಯಲು ಇದು ತಕ್ಕ ಕಾರಣ.

ಆರ್ಡರ್ ಮಾಡಿದ ಅರ್ಧ ಗಂಟೆಗೆ ಮೇಲ್‌ನಲ್ಲಿ ಬರುವ ಅಗ್ಗದ ಕೀ

ರೀಟೇಲ್ ಬೆಲೆಯ ಹತ್ತನೇ ಒಂದು ಭಾಗಕ್ಕೂ ಕಡಿಮೆಗೆ ‘ಜೀವಮಾನದ ಒರಿಜಿನಲ್ ಕೀ’ ಮಾರುವವರು ಆನ್‌ಲೈನಿನಲ್ಲಿ ತುಂಬಾ ಇದ್ದಾರೆ. ಹಾಕಿದ ದಿನ ಆಕ್ಟಿವೇಟ್ ಆಗುತ್ತದೆ ಎಂಬುದು ನಿಜ, ಅದೇ ಮೋಸದ ಮೂಲ. ಇವುಗಳಲ್ಲಿ ಬಹಳಷ್ಟು ಸಂಸ್ಥೆಗಳ ವಾಲ್ಯೂಮ್ ಕೀಗಳು. ಎಂಎಕೆ ಎನ್ನುವ ಬಗೆಯಲ್ಲಿ ಒಂದು ಕೀಗೆ ಇಷ್ಟು ಸಲ ಎಂಬ ಎಣಿಕೆ ಇರುತ್ತದೆ, ಪ್ರತಿ ಆಕ್ಟಿವೇಶನ್ನಿಗೂ ಒಂದು ಕಳೆಯುತ್ತದೆ, ಫಾರ್ಮ್ಯಾಟ್ ಮಾಡಿದರೆ ಅದು ವಾಪಸ್ ಬರುವುದಿಲ್ಲ. ಎಣಿಕೆ ಮುಗಿದ ಮೇಲೆ ನೀವು ವಿಂಡೋಸ್ ಮತ್ತೆ ಹಾಕಿದರೆ ಸಿ004ಸಿ020 ಎಂದು ಮುಗಿಯುವ ದೋಷ ಬರುತ್ತದೆ. ಕೀ ದುರ್ಬಳಕೆಯಾಗಿದೆ ಎಂದು ಮೈಕ್ರೋಸಾಫ್ಟ್ ತಡೆದರೆ ಸಿ004ಸಿ003. ಕೆಎಂಎಸ್ ಬಗೆಯದಾದರೆ ಇನ್ನೂ ಬೇಗ ಗೊತ್ತಾಗುತ್ತದೆ. ಅದು 180 ದಿನಕ್ಕೊಮ್ಮೆ ಸಂಸ್ಥೆಯ ಸರ್ವರಿನಿಂದ ನವೀಕರಣ ಆಗಲೇಬೇಕು, ಮನೆಯಲ್ಲಿ ಆ ಸರ್ವರ್ ಎಲ್ಲಿಂದ ಬರಬೇಕು?

ಕೆಎಂಎಸ್ ಬಗೆಯನ್ನು ಹಿಡಿಯುವ ಪರೀಕ್ಷೆ ಸುಲಭ. ಮೊದಲಿನ ಆದೇಶದಲ್ಲಿ ಡಿಎಲ್‌ಐ ಬದಲು ಎಕ್ಸ್‌ಪಿಆರ್ ಹಾಕಿ. ‘ಪರ್ಮನೆಂಟ್ಲಿ ಆಕ್ಟಿವೇಟೆಡ್’ ಎಂದು ಬರಬೇಕು. ಅದರ ಬದಲು ಒಂದು ತಾರೀಕು ಬಂದರೆ ಅದು ನಿಮ್ಮದಾದ ಲೈಸೆನ್ಸ್ ಅಲ್ಲ. ‘ವಿಂಡೋಸ್ ಹಾಕಿಕೊಡುತ್ತೇವೆ’ ಎಂದು ಅಂಗಡಿಯಲ್ಲಿ ಸೇರಿಸಿಕೊಟ್ಟ ಯಂತ್ರಕ್ಕೂ ಅಲ್ಲೇ ನಿಂತು ಇದನ್ನು ಮಾಡಿ ನೋಡಿ. ಆಕ್ಟಿವೇಟ್ ಮಾಡಲು ಆಂಟಿವೈರಸ್ ಆಫ್ ಮಾಡಿಸಿದರೆ ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡಲೇಬೇಡಿ.

ಕಂಪನಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ವಾಲ್ಯೂಮ್ ಎಂದು ಕಂಡರೆ ಗಾಬರಿ ಬೇಡ. ಆ ಕಂಪನಿಯ ಲೈಸೆನ್ಸ್ ನಿಮಗೆ ಬರುವುದಿಲ್ಲ, ಆದರೆ ವ್ಯವಹಾರದ ಮಾದರಿಗಳ ಬಯೋಸಿನಲ್ಲಿ ಸಾಮಾನ್ಯವಾಗಿ ಒಇಎಂ ಪ್ರೊ ಕೀ ಇದ್ದೇ ಇರುತ್ತದೆ. ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ಅದು ತಾನೇ ಆ ಕೀ ಓದಿಕೊಂಡು, ಇಂಟರ್ನೆಟ್ ಸಿಕ್ಕ ತಕ್ಷಣ ಆಕ್ಟಿವೇಟ್ ಆಗುತ್ತದೆ. ಹಾಗೆ ಹಾಕಿದ ಮೇಲೆ ಯಾವುದೋ ಕಂಪನಿಯ ಹೆಸರು ತೋರಿಸಿ ಅವರ ಲಾಗಿನ್ ಕೇಳಿದರೆ ಮಾತ್ರ ಯಂತ್ರವನ್ನು ಮಾರಿದವರಿಗೇ ಹಿಂತಿರುಗಿಸಿ. ಆ ಕಂಪನಿ ತನ್ನ ದಾಖಲೆಯಿಂದ ಯಂತ್ರವನ್ನು ಬಿಟ್ಟುಕೊಟ್ಟಿಲ್ಲ ಎಂದು ಅರ್ಥ, ಯಾವ ಕೀ ಕೊಂಡರೂ ಅದು ಬಗೆಹರಿಯದು.

ರೀಟೇಲ್ ಲೈಸೆನ್ಸ್ ಒಯ್ಯುವ ಕ್ರಮ

ಹಳೆ ಯಂತ್ರದಲ್ಲಿ ಮಾಡುವ ಕೆಲಸ ಮೊದಲು. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ಕಂಪ್ಯೂಟರಿನ ಹೆಸರನ್ನು ‘ಹಳೆ-ಡೆಸ್ಕ್‌ಟಾಪ್’ ಎಂಬಂತೆ ಗುರುತು ಸಿಗುವ ಹಾಗೆ ಇಂಗ್ಲಿಷಿನಲ್ಲಿ ಬದಲಿಸಿ ರೀಸ್ಟಾರ್ಟ್ ಮಾಡಿ. ತಾನಾಗಿ ಬಂದ ಹೆಸರು ಅಕ್ಷರ, ಅಂಕಿಗಳ ಗೋಜಲು, ಮುಂದೆ ಪಟ್ಟಿಯಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ಆಮೇಲೆ ಆಕ್ಟಿವೇಶನ್ ಪುಟ ತೆರೆಯಿರಿ: ವಿಂಡೋಸ್ 11ರಲ್ಲಿ ಅದು ಸಿಸ್ಟಮ್ ಒಳಗೆ, 10ರಲ್ಲಿ ಅಪ್‌ಡೇಟ್ ಮತ್ತು ಸೆಕ್ಯುರಿಟಿ ಒಳಗೆ ಇದೆ. ಡಿಜಿಟಲ್ ಲೈಸೆನ್ಸ್ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಣೆಯಾಗಿದೆ ಎಂಬ ಮಾತು ಅಲ್ಲಿ ಇರಬೇಕು. ಬರೀ ‘ಡಿಜಿಟಲ್ ಲೈಸೆನ್ಸ್’ ಎಂದಿದ್ದರೆ ಅಲ್ಲೇ ಅಕೌಂಟ್ ಸೇರಿಸಿ. ಹಳೆ ಯಂತ್ರ ಸತ್ತ ಮೇಲೆ ಈ ಕೆಲಸ ಮಾಡಲಾಗದು, ಅಷ್ಟು ಹೊತ್ತಿಗೆ ಜೋಡಣೆ ಇಲ್ಲದಿದ್ದರೆ ಕೈಯಲ್ಲಿ 25 ಅಕ್ಷರದ ಕೀ ಇರಲೇಬೇಕು.

ಬಿಟ್‌ಲಾಕರ್ ಮರೆಯಬೇಡಿ. ವಿಂಡೋಸ್ 11ರ ಹೊಸ ಬಿಡುಗಡೆಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಹೊಸದಾಗಿ ಶುರು ಮಾಡಿದ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ, ಬಳಸುವವರಿಗೆ ಗೊತ್ತೂ ಇರುವುದಿಲ್ಲ. ಹಳೆ ಎಸ್‌ಎಸ್‌ಡಿಯನ್ನು ಹೊಸ ಯಂತ್ರಕ್ಕೆ ಹಾಕಿದೊಡನೆ ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅಕೌಂಟಿನಲ್ಲಿ ಆ ಕೀ ಇದೆಯೇ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಲೈಸೆನ್ಸಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಲೈಸೆನ್ಸ್ ಒಯ್ಯುವ ದಿನವೇ ಫೋಟೋ, ಕಡತಗಳನ್ನು ಕಳೆದುಕೊಳ್ಳುವುದು ಈ ಕಾರಣಕ್ಕೆ. ಲೈಸೆನ್ಸ್ ಹೋದರೆ ಮತ್ತೆ ಕೊಳ್ಳಬಹುದು.

ಬ್ಯಾಕಪ್ ಆದ ಮೇಲೆ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಅದೇ ಎಸ್‌ಎಲ್‌ಎಂಜಿಆರ್ ಆದೇಶವನ್ನು ಸ್ಲ್ಯಾಶ್ ಯುಪಿಕೆ ಸೇರಿಸಿ ಕೊಡಿ. ಕೀ ತೆಗೆಯಲಾಯಿತು ಎಂಬ ಸಂದೇಶ ಬರುತ್ತದೆ. ನಂತರ ಸ್ಲ್ಯಾಶ್ ಸಿಪಿಕೆವೈ ಕೊಟ್ಟರೆ ರಿಜಿಸ್ಟ್ರಿಯಲ್ಲಿ ಉಳಿದ ಗುರುತೂ ಅಳಿಯುತ್ತದೆ, ಯಂತ್ರ ಬೇರೆಯವರ ಕೈಗೆ ಹೋಗುವುದಾದರೆ ಇದು ಬೇಕೇ ಬೇಕು. ಈ ಆದೇಶಗಳು ಮೈಕ್ರೋಸಾಫ್ಟಿನ ಸರ್ವರಿಗೆ ಏನನ್ನೂ ತಿಳಿಸುವುದಿಲ್ಲ ಎಂಬುದು ನೆನಪಿರಲಿ. ಲೈಸೆನ್ಸ್ ವಾಪಸ್ ಕೊಡುವ ಕೌಂಟರ್ ಅಂತ ಯಾವುದೂ ಇಲ್ಲ. ಇದು ಕರಾರಿನ ಷರತ್ತು ಪಾಲಿಸುವ ಕೆಲಸ, ಅಷ್ಟೇ.

ಹೊಸ ಯಂತ್ರದಲ್ಲಿ ಎರಡು ದಾರಿ. ಕೈಯಲ್ಲಿ 25 ಅಕ್ಷರದ ಕೀ ಇದ್ದರೆ ಆಕ್ಟಿವೇಶನ್ ಪುಟದ ‘ಚೇಂಜ್ ಪ್ರಾಡಕ್ಟ್ ಕೀ’ಯಲ್ಲಿ ಹಾಕಿ. ಕೀ ಇಲ್ಲದೆ ಅಕೌಂಟಿಗೆ ಜೋಡಿಸಿದ ಲೈಸೆನ್ಸ್ ಮಾತ್ರ ಇದ್ದರೆ ಅದೇ ಆವೃತ್ತಿಯ ವಿಂಡೋಸ್ ಹಾಕಿ, ಅದೇ ಅಕೌಂಟಿನಿಂದ ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ, ಆಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ. ಈ ಗುಂಡಿ ಕಾಣುವುದು ವಿಂಡೋಸ್ ಆಕ್ಟಿವೇಟ್ ಆಗದಿದ್ದಾಗ ಮಾತ್ರ. ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದೆ’ ಎಂಬ ಅರ್ಥದ ಸಾಲನ್ನು ಒತ್ತಿದರೆ ಅಕೌಂಟಿನಲ್ಲಿರುವ ಯಂತ್ರಗಳ ಪಟ್ಟಿ ಬರುತ್ತದೆ. ಅದರಲ್ಲಿ ನೀವು ಹೆಸರಿಟ್ಟ ಹಳೆ ಯಂತ್ರ ಆರಿಸಿ, ಈಗ ಬಳಸುತ್ತಿರುವುದು ಇದೇ ಎಂದು ಗುರುತು ಹಾಕಿ ಆಕ್ಟಿವೇಟ್ ಕೊಡಿ.

ಹೊಸ ಲ್ಯಾಪ್‌ಟಾಪಿನ ಬಯೋಸಿನಲ್ಲಿ ಹೋಮ್ ಕೀ ಇದ್ದು ನೀವು ಪ್ರೊ ಹಾಕಹೊರಟರೆ ಒಂದು ವಿಚಿತ್ರ ನಡೆಯುತ್ತದೆ. ಇನ್‌ಸ್ಟಾಲರ್ ಕೇಳದೆಯೇ ಬಯೋಸಿನ ಕೀ ಓದಿ ಹೋಮ್ ಹಾಕಿಬಿಡುತ್ತದೆ, ಆವೃತ್ತಿ ಆರಿಸುವ ಪರದೆಯೇ ಬರುವುದಿಲ್ಲ. ಪೆನ್‌ಡ್ರೈವ್ ಸರಿಯಿಲ್ಲ ಎಂದು ಮತ್ತೆ ಮತ್ತೆ ಮಾಡುತ್ತಾ ಕೂರುವುದು ಬೇಡ. ಹೋಮ್ ಹಾಕಲು ಬಿಟ್ಟು, ಮುಗಿದ ಮೇಲೆ ಪ್ರೊ ಕೀ ಕೊಡಿ, ಅದೇ ಪ್ರೊಗೆ ಏರುತ್ತದೆ. ಕೀ ಒಪ್ಪದಿದ್ದರೆ ವೈಫೈ ಆಫ್ ಮಾಡಿ, 3ವಿ66ಟಿ ಎಂದು ಮುಗಿಯುವ ಸಾಮಾನ್ಯ ಪ್ರೊ ಕೀ ಹಾಕಿ ರೀಸ್ಟಾರ್ಟ್ ಮಾಡಿ. ಪ್ರೊ ಆದ ಮೇಲೆ ವೈಫೈ ಆನ್ ಮಾಡಿ ನಿಮ್ಮ ಕೀ ಕೊಡಿ.

ಸಿ004ಎಫ್211 ಎಂಬ ದೋಷ ಬಂದರೆ ಹಾರ್ಡ್‌ವೇರ್ ಬದಲಾಗಿದೆ ಎಂದು ವಿಂಡೋಸ್ ಹೇಳುತ್ತಿದೆ, ಟ್ರಬಲ್‌ಶೂಟ್ ದಾರಿಗೆ ಹೋಗಿ. ಸಿ004ಎಫ್050 ಬಂದರೆ ಟೈಪ್ ಮಾಡಿದ ಕೀ ತಪ್ಪು, ಇಲ್ಲವೇ ಆವೃತ್ತಿ ಹೊಂದುತ್ತಿಲ್ಲ. ಸ್ಟಿಕ್ಕರಿನ ಮೇಲೆ ಬಿ ಮತ್ತು 8 ಅಕ್ಷರಗಳನ್ನು ಕಣ್ಣು ಬಲು ಬೇಗ ಅದಲುಬದಲು ಮಾಡುತ್ತದೆ. ನಿಮ್ಮದು ನಿಜವಾದ ರೀಟೇಲ್ ಕೀ ಆಗಿದ್ದೂ ಮಿತಿ ಮೀರಿದೆ ಎಂದರೆ ರನ್ ಪೆಟ್ಟಿಗೆಯಲ್ಲಿ ಎಸ್‌ಎಲ್‌ಯುಐ, ಸ್ಪೇಸ್, 4 ಎಂದು ಕೊಟ್ಟು ದೇಶ ಆರಿಸಿ. 63 ಅಂಕಿಯ ಇನ್‌ಸ್ಟಾಲೇಶನ್ ಐಡಿ 9 ಗುಂಪಾಗಿ ಬರುತ್ತದೆ. ಅದನ್ನು ಮೈಕ್ರೋಸಾಫ್ಟಿಗೆ ಒಪ್ಪಿಸಿದರೆ 48 ಅಂಕಿಯ ಉತ್ತರ ಸಿಗುತ್ತದೆ, ಅದನ್ನು ಎ ಇಂದ ಎಚ್‌ವರೆಗಿನ 8 ಖಾನೆಗಳಲ್ಲಿ ತುಂಬಬೇಕು. ಈ ಕೀ ಎಷ್ಟು ಕಂಪ್ಯೂಟರಿನಲ್ಲಿ ಇದೆ ಎಂದು ಕೇಳಿದರೆ ಸರಿಯಾದ ಉತ್ತರ ಒಂದು. ಹಳೆಯದರಿಂದ ತೆಗೆದಿದ್ದರೆ ಆ ಮಾತು ಸತ್ಯವೂ ಆಗಿರುತ್ತದೆ.

ಬೋರ್ಡ್ ಬದಲಿಸಿಕೊಂಡು ಬರುವಾಗ, ಹಳೇದನ್ನು ಕೊಡುವಾಗ

ವಾರಂಟಿಯಲ್ಲಿ ಲ್ಯಾಪ್‌ಟಾಪಿನ ಬೋರ್ಡ್ ಬದಲಾದರೆ ಹೊಸ ಬೋರ್ಡಿನ ಚಿಪ್ಪಿಗೆ ವಿಂಡೋಸ್ ಕೀ ಬರೆಯುವುದು ತಯಾರಕರ ಸರ್ವೀಸ್ ಕೇಂದ್ರದ ಕೆಲಸ. ಕೆಲವೊಮ್ಮೆ ಅದು ತಪ್ಪಿಹೋಗುತ್ತದೆ, ಮನೆಗೆ ತಂದ ಕೆಲವು ದಿನಕ್ಕೆ ಪರದೆಯ ಬಲಗಡೆ ಕೆಳಗೆ ‘ಆಕ್ಟಿವೇಟ್ ವಿಂಡೋಸ್’ ಎಂಬ ಬೂದು ಬರಹ ಮೂಡುತ್ತದೆ. ಆದ್ದರಿಂದ ಜಾಬ್ ಶೀಟಿಗೆ ಸಹಿ ಹಾಕುವ ಮುನ್ನ ಅಲ್ಲೇ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಆಕ್ಟಿವೇಶನ್ ಪುಟ ತೆರೆದು ನೋಡಿ. ಮೊದಲು ತೆಗೆದಿಟ್ಟ ಆ ಬಾಕ್ಸಿನ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ: ಇದೇ ಯಂತ್ರ ಒಇಎಂ ಲೈಸೆನ್ಸಿನಲ್ಲಿ ಇತ್ತು ಎಂದು ತೋರಿಸಬಹುದು. ಈ ಬೋರ್ಡಿಗೆಂದು ಹೊಸ ವಿಂಡೋಸ್ ಕೊಳ್ಳಬೇಕಿಲ್ಲ.

ರೀಟೇಲ್ ಒಯ್ದ ಮೇಲೆ ಹಳೆ ಡೆಸ್ಕ್‌ಟಾಪಿಗೆ ಲೈಸೆನ್ಸ್ ಇಲ್ಲ. ಹಳೆಯದು ಲ್ಯಾಪ್‌ಟಾಪ್ ಆಗಿದ್ದು ಬಯೋಸಿನಲ್ಲಿ ಅದರದೇ ಹೋಮ್ ಕೀ ಇದ್ದರೆ ಅಳಿಸಿ ಹೊಸದಾಗಿ ಹಾಕಿ, ಅದು ಹೋಮ್‌ಗೆ ಮರಳುತ್ತದೆ. ಪ್ರೊದಿಂದ ಹೋಮ್‌ಗೆ ಹಾಗೇ ಇಳಿಯುವ ಸೌಲಭ್ಯ ವಿಂಡೋಸಿನಲ್ಲಿ ಇಲ್ಲ. ಕೀ ಇಲ್ಲದ, ವಿಂಡೋಸ್ 11ಕ್ಕೂ ಅರ್ಹವಲ್ಲದ ಯಂತ್ರಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲೂ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಓಡುತ್ತದೆ, ಕನ್ನಡ ಟೈಪಿಂಗ್ ಇದೆ, ಮಕ್ಕಳ ಓದಿಗೆ ಧಾರಾಳ ಸಾಕು. ಯಾರಿಗಾದರೂ ಕೊಡುವುದಾದರೆ ಡಿಸ್ಕ್ ಪೂರ್ತಿ ಅಳಿಸಿದ ಮೇಲೆ ಮೈಕ್ರೋಸಾಫ್ಟ್ ಅಕೌಂಟಿನ ಡಿವೈಸಸ್ ಪುಟದಿಂದಲೂ ಆ ಯಂತ್ರವನ್ನು ತೆಗೆದುಹಾಕಿ. ಈ ಕೆಲಸ ಕೊನೆಯಲ್ಲೇ ಆಗಬೇಕು. ಹೊಸದು ಆಕ್ಟಿವೇಟ್ ಆಗುವ ಮೊದಲೇ ತೆಗೆದರೆ ಟ್ರಬಲ್‌ಶೂಟ್ ಪಟ್ಟಿಯಲ್ಲಿ ಆರಿಸಲು ಹಳೆ ಯಂತ್ರದ ಹೆಸರೇ ಇರುವುದಿಲ್ಲ.